ನಿದ್ದೆಯ ಅಳತೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಲೋಕವೆಲ್ಲ ಹೇಳುತ್ತದೆ. ಹಾಸಿಗೆ ಹೊಲಿಯುವವನೂ ಹಾಗೇ ಹೇಳಿಕೊಂಡು ಕೂತರೆ ಅವನ ಮನೆಯ ಒಲೆ ಹೊತ್ತುವುದಿಲ್ಲ. ಸೂಜಿಯ ಅಪ್ಪ ಆ ಗಾದೆಯನ್ನು ತಿರುಗಿಸಿ ಇಟ್ಟುಕೊಂಡಿದ್ದರು. "ಕಾಲು ಇದ್ದಷ್ಟು ಹಾಸಿಗೆ ಕೊಡೋದು ನಮ್ಮ ಕೆಲಸ. ಚಾಚೋದು ಮಡಚೋದು ಅವರವರ ಇಷ್ಟ" ಎನ್ನುತ್ತಿದ್ದರು. ಹೀಗೆ ನಲವತ್ತು ವರ್ಷ ಊರವರ ಕಾಲಿಗೆಲ್ಲ ಹಾಸಿಗೆ ಕೊಟ್ಟ ಮನುಷ್ಯ ಒಂದು ಮಂಗಳವಾರ ಬೆಳಗ್ಗೆ ಹತ್ತಿಯ ಮೂಟೆಗೆ ಒರಗಿ ಕೂತವರು ಏಳಲಿಲ್ಲ. ಅಮ್ಮ ಚಹಾ ತಂದಿಟ್ಟು, ಅದು ಆರಿದ ಮೇಲೆ ಬೈದು, ಆಮೇಲೆ ಮುಟ್ಟಿ ನೋಡಿದಳು.

ಸೂಜಿ ಎಂಬುದು ಅವಳ ನಿಜವಾದ ಹೆಸರಲ್ಲ. ಚಿಕ್ಕಂದಿನಲ್ಲಿ ಸಣ್ಣಗೆ, ಮೊನಚು ಮಾತಿನವಳಾಗಿ ಇದ್ದದ್ದಕ್ಕೆ ಅಪ್ಪ ಹಾಗೆ ಕರೆದರು, ಅದೇ ನಿಂತಿತು. ಈಗ ಅವಳಿಗೆ ಇಪ್ಪತ್ತೆಂಟು. ಹತ್ತಿ ಬಿಡಿಸುವುದು, ಹಿಂಜುವುದು, ದಾರಕ್ಕೆ ಮೇಣ ಹಚ್ಚುವುದು ಎಲ್ಲ ಅವಳ ಪಾಲಿನ ಕೆಲಸ. ಆದರೆ ಒಂದೇ ಒಂದು ಹಾಸಿಗೆಯನ್ನೂ ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಹೊಲಿದವಳಲ್ಲ. ಅಣ್ಣ ಸಿಟಿ ಬಸ್ಸಿನ ಡ್ರೈವರ್, ಅತ್ತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಮುಂದಿನ ಕೋಣೆ ಅಪ್ಪನ ಅಂಗಡಿಯಾಗಿತ್ತು. ಮಧ್ಯಾಹ್ನ ಅಲ್ಲಿ ಬಿಸಿಲು ಬಿದ್ದರೆ ಹತ್ತಿಯ ಎಳೆಗಳು ಎಲ್ಲಿಗೂ ಹೋಗದೆ, ಎಲ್ಲೂ ಇಳಿಯದೆ ತೇಲುತ್ತಿದ್ದವು. ಊಟದ ತಟ್ಟೆಯಲ್ಲಿ ಹತ್ತಿ, ಅಮ್ಮನ ಹುಬ್ಬಿನ ಮೇಲೆ ಹತ್ತಿ, ಅಣ್ಣನ ಯೂನಿಫಾರಮ್ಮಿನ ಮೇಲೆ ಹತ್ತಿ. ಅಲ್ಲಿ ಹೊಕ್ಕವರಿಗೆಲ್ಲ ಯಾಕೋ ಆಕಳಿಕೆ ಬರುತ್ತಿತ್ತು.

ಅಪ್ಪ ಹೋಗಿ ಎಂಟು ದಿನವಾಗಿರಬಹುದು. ಬೇಕರಿಯ ದಪ್ಪ ಹೆಂಗಸು ಬಾಗಿಲಲ್ಲಿ ನಿಂತು, ಮೊದಲು ಎರಡು ಹನಿ ಕಣ್ಣೀರು ಹಾಕಿ, ಆಮೇಲೆ ಕೇಳಿದಳು.

"ನನ್ನ ಹಾಸಿಗೆ ಆಗಿತ್ತಾ?"

"ಯಾವ ಹಾಸಿಗೆ?" ಎಂದಳು ಅಮ್ಮ.

"ಚಳಿಗಾಲದಲ್ಲೇ ಪೂರ್ತಿ ದುಡ್ಡು ಕೊಟ್ಟಿದ್ದೆನಲ್ಲ. ಇವತ್ತು ಬಾ, ನಾಳೆ ಬಾ ಅಂತಿದ್ದರು ಪಾಪ."

ಮರುದಿನ ಚಪ್ಪಲಿ ಅಂಗಡಿಯವನು ಬಂದ. ಅದರ ಮರುದಿನ ಕ್ಷೌರದವನು. ಎಲ್ಲರೂ ದುಡ್ಡು ಕೊಟ್ಟವರು, ಯಾರ ಬಳಿಯೂ ಚೀಟಿ ಇಲ್ಲ. ಕೊನೆಯ ಒಂದು ವರ್ಷ ಅಪ್ಪನಿಗೆ ಉಸಿರು ಕಟ್ಟುತ್ತಿತ್ತು, ಹೊಲಿಯಲು ಕೈ ಏಳುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲಾರದೆ ಗಿರಾಕಿಗಳಿಂದ ದುಡ್ಡು ತೆಗೆದುಕೊಳ್ಳುತ್ತಲೇ ಹೋದರು, ಆ ದುಡ್ಡು ಉಸಿರಿನ ಔಷಧಿಗೆ ಹೋಯಿತು. ಔಷಧಿ ಎಲ್ಲಿಂದ ಬರುತ್ತಿದೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಿತ್ತು.

ಅಣ್ಣ ಮಾತ್ರ ಬೇರೆಯೇ ಹಾದಿ ಹಿಡಿದ. ಅಪ್ಪನ ಸ್ವಂತ ಹಾಸಿಗೆಯೊಳಗೆ ದುಡ್ಡು ಇದ್ದೇ ಇರುತ್ತದೆ ಎಂದು ಭಾನುವಾರ ಕತ್ತರಿ ತಂದು ಅದರ ಹೊಟ್ಟೆ ಸೀಳಿದ. ಒಳಗೆ ಹರಕು ಬನಿಯನ್ನು, ಗೋಣಿಯ ನಾರು, ಸೂಜಿಯ ಹಳೇ ಶಾಲೆ ಚೀಲದ ತುಂಡು. ಹತ್ತಿ ಒಂದು ಹಿಡಿಯೂ ಇರಲಿಲ್ಲ.

"ಇದರ ಮೇಲೆ ಹೇಗೆ ಮಲಗ್ತಿದ್ದರು?" ಎಂದಳು ಅತ್ತಿಗೆ.

"ಗೊರಕೆ ಹೊಡೆದುಕೊಂಡು" ಎಂದಳು ಅಮ್ಮ.

ಅಟ್ಟದ ಮೇಲೆ ಸಿಕ್ಕಿದ್ದು ಏಳು ಹಳೇ ಬೆಡ್‌ಶೀಟುಗಳು. ಬಿಡಿಸಿದರೆ ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಮಲಗಿದ ಮನುಷ್ಯನ ಗೆರೆ. ಒಂದರಲ್ಲಿ ಅಗಲವಾದ ಸೊಂಟ, ಒಂದರಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಇಬ್ಬರು, ಒಂದರಲ್ಲಿ ಬಲಗೈಯನ್ನು ತಲೆಯ ಮೇಲಕ್ಕೆ ಚಾಚಿದ ಎತ್ತರದ ಆಸಾಮಿ. ಕೊನೆಯದರಲ್ಲಿ ಮಗುವಿನಷ್ಟೇ ಇದ್ದ ಒಂದು ಮುದುಡಿದ ಗೆರೆ. ಅಪ್ಪನ ಕೆಲಸದ ಕ್ರಮವೇ ಅದು. ಗಿರಾಕಿಯನ್ನು ಮಧ್ಯಾಹ್ನ ಕರೆಸಿ, ಬಾಗಿಲು ಮುಚ್ಚಿ, ನೆಲದ ಮೇಲೆ ಹಾಸಿದ ಬಟ್ಟೆಯಲ್ಲಿ ಮಲಗಿಸಿ ಗೆರೆ ಹಾಕುವುದು. ಭುಜ ಬರುವಲ್ಲಿ, ಸೊಂಟ ಬರುವಲ್ಲಿ ಹತ್ತಿ ಹೆಚ್ಚು ತುಂಬುವುದು. ಹಾಸಿಗೆ ಕೊಟ್ಟಾದ ಮೇಲೆ ಗೆರೆ ಒಗೆದು ತೆಗೆಯುವುದು; ಉಳಿದ ಈ ಏಳು ಇನ್ನೂ ಬಾಕಿಯವು. ಆ ಹೊತ್ತಿನಲ್ಲಿ ಮನೆಯವರು ಪಾತ್ರೆ ಮುಟ್ಟುವಂತಿರಲಿಲ್ಲ, ಒಳಗೆ ಇಣುಕುವಂತಿರಲಿಲ್ಲ. ಗೆರೆಯ ಪಕ್ಕ ಹೆಸರು ಬರೆದಿಡಿ ಎಂದು ಸೂಜಿ ಎಷ್ಟೋ ಸಲ ಹೇಳಿದ್ದಳು. "ಹೆಸರು ಯಾಕೆ? ನೋಡಿದರೆ ಗೊತ್ತಾಗಲ್ವಾ?" ಎನ್ನುತ್ತಿದ್ದರು.

ಅಂದು ಊಟಕ್ಕೆ ಕೂತಾಗ ಜಗಳ ಹತ್ತಿಕೊಂಡಿತು.

"ನನ್ನ ಬಸ್ಸಲ್ಲಿ ಒಬ್ಬ ವಕೀಲ ಬರ್ತಾನೆ" ಎಂದ ಅಣ್ಣ. "ಸತ್ತವರ ಸಾಲ ಸತ್ತವರದ್ದೇ ಅಂದ. ಆಸ್ತಿ ಬಿಟ್ಟು ಹೋಗಿದ್ದರೆ ಮಾತ್ರ ಕೊಡಬೇಕಂತೆ. ಇರೋದು ನಾಲ್ಕು ಮೂಟೆ ಹತ್ತಿ, ಅದೂ ಸಾಹುಕಾರನಿಂದ ಸಾಲ ತಂದದ್ದು. ಅದನ್ನ ವಾಪಸ್ ಕೊಟ್ಟು ಕೈ ತೊಳಕೊಳ್ಳೋಣ."

"ಹಾಸಿಗೆ ಕೊಡ್ತೀನಿ ಅಂತ ಅಪ್ಪ ಮಾತು ಕೊಟ್ಟಿದ್ದರು" ಎಂದಳು ಸೂಜಿ.

"ಮಾತಿಗೇನು, ನಾನೂ ದಿನಾ ಕೊಡ್ತೀನಿ. ಐದು ನಿಮಿಷದಲ್ಲಿ ಬಸ್ ಹೊರಡುತ್ತೆ ಅಂತ."

"ಅಪ್ಪನ್ನ ಊರವರು ಮೋಸಗಾರ ಅಂದರೆ ನಿನಗೆ ಪರವಾಗಿಲ್ವಾ?"

ಅಣ್ಣ ತಟ್ಟೆ ನೋಡಿದ. ಅತ್ತಿಗೆ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿ, "ಸುಮ್ಮನೆ ಊಟ ಮಾಡಿ" ಎಂದಳು. ಅತ್ತಿಗೆಯೂ ಗಂಡನ ಕಡೆಯೇ. ಆಸ್ಪತ್ರೆಯಲ್ಲಿ ದಿನಕ್ಕೆ ಮುನ್ನೂರು ಬೆಡ್‌ಶೀಟು ಒಗೆಯುವವಳಿಗೆ ಮನೆಯಲ್ಲಿ ಇನ್ನೂ ಏಳು ಬೆಡ್‌ಶೀಟು ನೋಡುವ ಹಂಬಲ ಎಲ್ಲಿಂದ ಬರಬೇಕು?

ಹತ್ತಿ ಸಾಹುಕಾರ ಆ ವಾರವೇ ಬಂದ. ಮೂಟೆಗಳನ್ನು ತಟ್ಟಿ ನೋಡಿ, ಕುರ್ಚಿಯಲ್ಲಿ ಕೂತ. ಸೂಜಿ ಅಣ್ಣನಿಗಿಂತ ಮೊದಲೇ ಬಾಯಿ ತೆರೆದಳು.

"ಈ ಹತ್ತಿಯಲ್ಲಿ ಏಳು ಹಾಸಿಗೆ ಆಗುತ್ತೆ. ಇದನ್ನ ಬಿಟ್ಟು ಹೋಗಿ. ನಿಮ್ಮ ಅಂಗಡಿಗೆ ಆರು ತಿಂಗಳು ಪುಕ್ಕಟೆ ಹೊಲಿದು ತೀರಿಸ್ತೀನಿ."

"ಹೊಲಿಯೋಕೆ ಬರುತ್ತಾ ನಿನಗೆ?"

"ಬರುತ್ತೆ" ಎಂದಳು. ಅದು ಅವಳು ಆ ವರ್ಷ ಹೇಳಿದ ಮೊದಲ ಸುಳ್ಳು.

"ಏಳಕ್ಕೆ ಆಗೋವಷ್ಟೇ. ತೀರೋವರೆಗೂ ಇದರ ಮೇಲೆ ಒಂದು ಹಿಡಿ ಕೇಳಿದರೂ ನಾನಿಲ್ಲ" ಎಂದು ಸಾಹುಕಾರ ಎದ್ದ. ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯಲ್ಲ ಅವನು, ಆಡಿದರೆ ಆಡಿದ್ದೇ.

ಅಣ್ಣ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. ಬಂದವರಿಗೆಲ್ಲ ಕೊಡಲು ಇದು ಧರ್ಮಛತ್ರವಲ್ಲ. ದುಡ್ಡು ಕೊಟ್ಟಿದ್ದೇವೆ ಎನ್ನುವವರು ಸಾಬೀತು ಮಾಡಬೇಕು. ಹೇಗೆ ಎಂದು ಎಲ್ಲರೂ ತಲೆ ಕೆರೆದುಕೊಂಡಾಗ ಅಮ್ಮ ಬೀನ್ಸ್ ನಾರು ತೆಗೆಯುತ್ತಲೇ ಹೇಳಿದಳು.

"ಶೀಟಿನ ಮೇಲೆ ಮಲಗಿಸಿ ನೋಡಿದರಾಯ್ತು. ಗೆರೆಗೆ ಕೂತರೆ ಅವರದ್ದು."

ಅಣ್ಣನಿಗೆ ಈ ಉಪಾಯ ಬಹಳ ಹಿಡಿಸಿತು. ಬಸ್ಸಿನಲ್ಲಿ ಟಿಕೆಟ್ ನೋಡುವುದು ಕಂಡಕ್ಟರನ ಕೆಲಸವಾಗಿ, ಅವನಿಗೆ ಯಾರನ್ನೂ ತಪಾಸಣೆ ಮಾಡುವ ಭಾಗ್ಯವೇ ಸಿಕ್ಕಿರಲಿಲ್ಲ. ಈಗ ಬಿಡುವಿನ ದಿನಗಳಲ್ಲಿ ಮುಂದಿನ ಕೋಣೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಬೇಕರಿಯ ಹೆಂಗಸು ಚಪ್ಪಲಿ ಕಳಚಿ, ನಾಚಿಕೊಂಡು, ಅಗಲ ಸೊಂಟದ ಗೆರೆಯೊಳಗೆ ಇಳಿದಳು. ಗೆರೆ ತುಂಬಿ, ಚೂರು ಹೊರಗೂ ಬಂತು. "ಚಳಿಗಾಲದಿಂದ ಈಚೆಗೆ ಸ್ವಲ್ಪ ಬನ್ ಜಾಸ್ತಿ ಆಯ್ತು" ಎಂದಳು. ಚಪ್ಪಲಿ ಅಂಗಡಿಯವನು ತನ್ನ ಗೆರೆಗೆ ಸರಿಯಾಗಿ ಕೂತ. ಕ್ಷೌರದವನೂ ಕೂತ. ಪೋಸ್ಟಾಫೀಸಿನ ಗಂಡಹೆಂಡತಿ ಬಂದು, ನಮ್ಮದು ಯಾವುದು ಎಂದು ಕೇಳುವ ಮೊದಲೇ ಬೆನ್ನಿಗೆ ಬೆನ್ನು ತಿರುಗಿಸಿ ಮಲಗಿದರು. ಅತ್ತಿಗೆಯ ಆಸ್ಪತ್ರೆಯ ನರ್ಸೂ ಒಬ್ಬಳು ಬಂದು ಹೋದಳು.

ಸೂಜಿ ಹೊಲಿಯುತ್ತಾ ಹೋದಳು. ಮೊದಲ ಹಾಸಿಗೆಯ ಮೂಲೆಗಳು ನಾಯಿಯ ಕಿವಿಯ ಹಾಗೆ ಜೋತುಬಿದ್ದವು, ಬಿಚ್ಚಿ ಮತ್ತೆ ಹೊಲಿದಳು. ಎರಡನೆಯದಕ್ಕೆ ಬೆರಳು ತೂತಾಯಿತು. ಮೂರನೆಯದರ ಹೊತ್ತಿಗೆ ಕೈಗೆ ತಾನಾಗಿಯೇ ದಾರಿ ತಿಳಿಯಿತು. ಮಧ್ಯಾಹ್ನಗಳಲ್ಲಿ ಹತ್ತಿ ಮೇಲೇಳುತ್ತಿತ್ತು, ಅವಳು ಅದರ ನಡುವೆ ಕೂತು ಯಾರದೋ ಭುಜಕ್ಕೆ, ಯಾರದೋ ಮೊಣಕಾಲಿಗೆ ಜಾಗ ಮಾಡುತ್ತಿದ್ದಳು. ತಾನು ಎಚ್ಚರ ಇದ್ದೇನೋ ಇಲ್ಲವೋ ಎಂಬ ಅನುಮಾನ ಅವಳಿಗೆ ಎಷ್ಟೋ ಸಲ ಬಂತು. ಅಪ್ಪ ಪಕ್ಕದಲ್ಲೇ ಕೂತು ಕೆಮ್ಮಿದ ಹಾಗೆ ಅನ್ನಿಸಿ ತಿರುಗಿದರೆ ಅಮ್ಮ ಚಹಾ ಹಿಡಿದು ನಿಂತಿರುತ್ತಿದ್ದಳು.

ನಾಲ್ಕನೇ ವಾರ ಒಬ್ಬ ಮೀಸೆಯವನು ಬಂದ. ಅಣ್ಣನ ಬಸ್ಸಿನಲ್ಲಿ ದಿನವೂ ಬರುವವನು, ಅಣ್ಣನಿಗೆ ಸಿಗರೇಟು ಕೊಡುವವನು.

"ಇವರು ನನಗೆ ಗೊತ್ತು, ಒಳ್ಳೇ ಜನ" ಎಂದ ಅಣ್ಣ. ಉಳಿದಿದ್ದ ಎರಡು ಶೀಟುಗಳನ್ನು ಬಿಡಿಸಿ ಹಾಸಿದ. ಮೀಸೆಯವನು ಸುತ್ತ ಒಂದು ಸುತ್ತು ಬಂದು, ದೊಡ್ಡ ಗೆರೆಯ ಮೇಲೆ ಮಲಗಿ, ಬಲಗೈಯನ್ನು ಗೆರೆಯ ಹಾದಿಯಲ್ಲೇ ತಲೆಯ ಮೇಲಕ್ಕೆ ಚಾಚಿದ. ಒಂದು ಕೂದಲೂ ಆಚೀಚೆ ಇಲ್ಲ.

"ಅಚ್ಚು ಹೊಯ್ದ ಹಾಗಿದೆ!" ಎಂದ ಅಣ್ಣ. ಆ ವಾರವೇ ಹಾಸಿಗೆ ಮೀಸೆಯವನ ಮನೆಗೆ ಹೋಯಿತು.

ಲೈನ್‌ಮನ್ ಬಂದದ್ದು ಅದಾದ ಮೂರು ದಿನಕ್ಕೆ. ಕರೆಂಟು ಕಂಬ ಹತ್ತಿ ಹತ್ತಿ ರಿಟೈರಾದ ಮನುಷ್ಯ. ಎತ್ತರದ ಆಳು, ಮಾತು ಕಡಿಮೆ. ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದ.

"ಮಗಳ ಊರಿಗೆ ಹೋಗಿದ್ದೆ. ನೀವು ಎಲ್ಲರದ್ದೂ ತೀರಿಸ್ತಾ ಇದ್ದೀರಿ ಅಂತ ನಿನ್ನೆ ಗೊತ್ತಾಯ್ತು."

"ಎಲ್ಲ ಸೀಟೂ ತುಂಬಿ, ಬಸ್ಸು ಹೊರಟಾಯ್ತು. ನೀವು ಈಗ ಬರ್ತಿದ್ದೀರಿ" ಎಂದ ಅಣ್ಣ. "ಉಳಿದಿರೋದು ಇದೊಂದೇ. ಮಲಗಿ, ನೋಡೋಣ."

ಲೈನ್‌ಮನ್ ಆ ಮುದುಡಿದ ಪುಟ್ಟ ಗೆರೆಯನ್ನು ನೋಡಿದ. ಆದರೂ ಹೇಳಿದರಲ್ಲ ಎಂದು ಮಲಗಿದ. ಕಾಲು ಬಾಗಿಲವರೆಗೂ ಬಂತು. ಅತ್ತಿಗೆಗೆ ನಗು ತಡೆಯಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಳು.

"ಇದು ನನ್ನದಲ್ಲ" ಎಂದ ಲೈನ್‌ಮನ್, ಮಲಗಿದಲ್ಲಿಂದಲೇ.

"ನೋಡಿದ್ರಾ, ಅವರ ಬಾಯಿಂದಲೇ ಬಂತು!" ಎಂದ ಅಣ್ಣ. "ಯಜಮಾನರೇ, ವಯಸ್ಸಾದವರು ನೀವು. ಸತ್ತವರ ಹೆಸರಲ್ಲಿ ಗಿಟ್ಟಿಸೋಕೆ ಬರಬಾರದು."

ಲೈನ್‌ಮನ್ ನಿಧಾನವಾಗಿ ಎದ್ದ, ಶರ್ಟಿಗೆ ಅಂಟಿದ ಹತ್ತಿ ಒರೆಸಿಕೊಂಡ. ಜಗಳ ಆಡಲಿಲ್ಲ. ಸೂಜಿಯ ಕಡೆ ಒಮ್ಮೆ ನೋಡಿ, "ನಿಮ್ಮಪ್ಪ ಹೀಗೆ ಮಲಗಿಸ್ತಿರಲಿಲ್ಲ" ಎಂದಷ್ಟೇ ಹೇಳಿ ಹೋದ. ಸೂಜಿ ಏನಾದರೂ ಹೇಳಬೇಕಿತ್ತು. ಬಾಯಲ್ಲಿ ದಾರ ಕಚ್ಚಿಕೊಂಡಿದ್ದಳು, ಹೇಳಲಿಲ್ಲ.

ಮುಂದಿನ ವಾರ ಶಾಲೆಯ ಟೀಚರಮ್ಮ ಬಂದರು, ಅವರೂ ದುಡ್ಡು ಕೊಟ್ಟವರೇ. ಅಣ್ಣ ಡ್ಯೂಟಿಯಲ್ಲಿದ್ದ. ಟೀಚರಮ್ಮ ಪುಟ್ಟ ಗೆರೆಯ ಮೇಲೆ ಮಲಗಿದರೆ ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ ಹೊರಗೆ ಚಾಚಿಕೊಂಡಿತು.

"ಕೂರ್ತಿಲ್ಲವಲ್ಲ ಟೀಚರ್" ಎಂದಳು ಸೂಜಿ.

"ಎಲ್ಲರೂ ತಲೆ ಮೇಲೆ ನಿಂತರೆ ಹೇಗಮ್ಮ ಕೂರುತ್ತೆ? ಆಚೆ ಹೋಗಿ, ಬಾಗಿಲು ಹಾಕಿ. ನಿದ್ದೆ ಬರಬೇಕಲ್ಲ."

"ನಿದ್ದೆಯಾ?"

"ಮತ್ತೆ? ನಿದ್ದೆ ಹತ್ತಿದ ಮೇಲೇ ತಾನೆ ನಿಮ್ಮಪ್ಪ ಗೆರೆ ಹಾಕ್ತಿದ್ದದ್ದು? ಎಚ್ಚರ ಇದ್ದವರು ಸುಳ್ಳು ಮಲಗ್ತಾರೆ ಅಂತಿದ್ದರು. ಒಂದೊಂದು ದಿನ ಎರಡು ಗಂಟೆ ಕಾಯೋರು, ಪಾಪ."

ಸೂಜಿ ಬಾಗಿಲು ಹಾಕಿದಳು. ಅಮ್ಮನೂ ಅವಳೂ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂತರು. ಅರ್ಧ ಗಂಟೆಯ ಮೇಲೆ ಮೆಲ್ಲಗೆ ಇಣುಕಿದರೆ, ಟೀಚರಮ್ಮ ಮೊಣಕಾಲನ್ನು ಎದೆಗೆ ತಂದುಕೊಂಡು, ಕೈಯನ್ನು ಕೆನ್ನೆಯ ಕೆಳಗಿಟ್ಟು, ಪುಟ್ಟ ಗೆರೆಯೊಳಗೆ ಸಂಪೂರ್ಣ ಹಿಡಿಸಿಹೋಗಿದ್ದರು. ಬಿಸಿಲಿನಲ್ಲಿ ಒಂದು ಎಳೆ ಹತ್ತಿ ಅವರ ಮೂಗಿನ ಮುಂದೆ ಹೋಗಿ ಬಂದು ಮಾಡುತ್ತಿತ್ತು.

ಮೀಸೆಯವನು ಶೀಟಿನ ಸುತ್ತ ಸುತ್ತಿದ್ದು ಸೂಜಿಯ ಕಣ್ಣಿಗೆ ಕಟ್ಟಿತು. ಗೆರೆಯನ್ನು ನೋಡಿಕೊಂಡು ಮಲಗಿದರೆ ಯಾರು ತಾನೆ ಕೂರುವುದಿಲ್ಲ?

ಮಾರನೆಯ ಮಧ್ಯಾಹ್ನ ಅವಳು ದೊಡ್ಡ ಗೆರೆಯ ಶೀಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಲೈನ್‌ಮನ್ನನ ಮನೆ ಹುಡುಕಿ ಹೋದಳು. ಬೀದಿಯಲ್ಲಿ ನೆರಳೆಲ್ಲ ಗೋಡೆಗಳ ಬುಡ ಸೇರಿತ್ತು. ಒಂದು ಮನೆಯಲ್ಲಿ ರೇಡಿಯೋ ಯಾರೂ ಕೇಳದೆ ಹಾಡುತ್ತಿತ್ತು. ಲೈನ್‌ಮನ್ನನ ಹೆಂಡತಿ ಬಾಗಿಲು ತೆರೆದಳು, ಬಾಯಿಗೆ ಬೆರಳಿಟ್ಟು ಒಳಗೆ ತೋರಿಸಿದಳು. ಬರಿ ಚಾಪೆಯ ಮೇಲೆ ಲೈನ್‌ಮನ್ ಮಲಗಿದ್ದ. ಬಲಗೈ ತಲೆಯ ಮೇಲಕ್ಕೆ ಚಾಚಿತ್ತು, ಬೆರಳು ಅರ್ಧ ಮುಚ್ಚಿತ್ತು. ಕಂಬ ಹಿಡಿದವರು ನಿದ್ದೆಯಲ್ಲೂ ಬಿಡುವುದಿಲ್ಲವೇನೋ.

"ಎಬ್ಬಿಸಲಾ?" ಎಂದಳು ಹೆಂಡತಿ.

"ಬೇಡ ಬೇಡ" ಎಂದು ಸೂಜಿ ಹಿಂದೆ ಸರಿದಳು. ಶೀಟು ಬಿಡಿಸುವ ಅಗತ್ಯವೇ ಬೀಳಲಿಲ್ಲ.

ಮನೆಯಲ್ಲಿ ಅವಳು ವಿಷಯ ಹೇಳಿದಾಗ ಅಣ್ಣ ಮೊದಲು ಕೂಗಾಡಿದ, ಆಮೇಲೆ ಶರ್ಟು ಹಾಕಿಕೊಂಡು ಮೀಸೆಯವನ ಮನೆಗೆ ಹೋದ. ಬಂದಾಗ ಮುಖ ಕಪ್ಪಿಟ್ಟಿತ್ತು.

"ಮಾರಿಬಿಟ್ಟಿದ್ದಾನೆ. ತಗೊಂಡವನು ಬೇರೆ ಊರಿನವನಂತೆ."

"ಒಳ್ಳೇ ಜನ" ಎಂದಳು ಅಮ್ಮ.

"ಅಮ್ಮಾ, ಗಾಯಕ್ಕೆ ಉಪ್ಪು ಹಚ್ಚಬೇಡ."

"ಹಚ್ಚಲ್ಲ ಬಿಡು. ಉಪ್ಪಿಗೂ ದುಡ್ಡು ಕೊಡಬೇಕು."

ಹತ್ತಿ ಮುಗಿದಿತ್ತು. ಕೊನೆಯ ಮೂಟೆ ಟೀಚರಮ್ಮನ ಹಾಸಿಗೆಗೆ ಸರಿಹೋಗಿತ್ತು. ಸಾಹುಕಾರ ಮಾತಿನವನು, ಒಂದು ಹಿಡಿಯೂ ಕೊಡಲಾರ. ಅಂದು ಎಲ್ಲರೂ ಊಟಕ್ಕೆ ಕೂತರು. ಸೂಜಿ ತುತ್ತು ಎತ್ತಿ ಮತ್ತೆ ತಟ್ಟೆಗೆ ಇಟ್ಟಳು.

"ಆರು ಜನರದ್ದು ತೀರಿಸಿ, ಏಳನೆಯವನನ್ನ ಕಳ್ಳ ಅಂತ ಕಳಿಸಿದೆವು" ಎಂದಳು. "ಅಪ್ಪ ಬರೀ ಹಾಸಿಗೆ ಬಾಕಿ ಇಟ್ಟಿದ್ದರು. ನಾವು ಅದರ ಮೇಲೆ ಇನ್ನೊಂದು ಸೇರಿಸಿದೆವು."

"ನನ್ನ ಹಾಸಿಗೆ ಬಿಚ್ಚಿ" ಎಂದಳು ಅಮ್ಮ.

"ನಿಮ್ಮದು ಬೇಡ" ಎಂದಳು ಅತ್ತಿಗೆ. "ನಿಮ್ಮ ಬೆನ್ನು ಹಿಡಿದರೆ ಎಣ್ಣೆ ತಿಕ್ಕೋಳು ನಾನು." ಅವಳು ಎದ್ದು ಕೈ ತೊಳೆದು, ಒಳಗಿನ ಕೋಣೆಗೆ ಹೋಗಿ, ತಮ್ಮ ಮಂಚದ ಹಾಸಿಗೆಯನ್ನು ದರದರ ಎಳೆದುಕೊಂಡು ಬಂದಳು. ಮದುವೆಯ ಹೊತ್ತಿಗೆ ಅಪ್ಪ ಹೊಲಿದುಕೊಟ್ಟ ಇಬ್ಬರ ಹಾಸಿಗೆ; ಅಪ್ಪನ ಕೈಯ ಅತ್ಯುತ್ತಮ ಹತ್ತಿ.

"ಏಯ್, ಏನಿದು?" ಎಂದ ಅಣ್ಣ.

"ಮಾವ ಕೊಟ್ಟದ್ದು. ಮಾವನ ಸಾಲಕ್ಕೇ ಹೋಗಲಿ. ಆ ಮನುಷ್ಯ ನೆಲದ ಮೇಲೆ ಮಲಗಿ ನನ್ನದಲ್ಲ ಅಂದಾಗ ನಾನು ನಕ್ಕೆ, ಗೊತ್ತಲ್ಲ ನಿಮಗೆ? ಅವತ್ತಿಂದ ಇದರ ಮೇಲೆ ಮಲಗಿದರೂ ನನಗೆ ನೆಲದ ಮೇಲಿದ್ದ ಹಾಗೇ ಇದೆ." ಕತ್ತರಿ ತಂದು ಗಂಡನ ಮುಂದೆ ಇಟ್ಟಳು. "ಅಪ್ಪನ ಹಾಸಿಗೆ ಸೀಳಿದ ಕೈ ಇದನ್ನೂ ಸೀಳಲಿ."

ಅಣ್ಣ ಕತ್ತರಿ ಎತ್ತಿಕೊಂಡ. ಆಮೇಲೆ ಹೊಲಿಗೆಯ ಒಂದೊಂದೇ ಗಂಟನ್ನು ಹುಷಾರಾಗಿ ಕತ್ತರಿಸಿದ, ಬಟ್ಟೆಗೆ ನೋವಾಗದ ಹಾಗೆ.

ವಾರವಿಡೀ ಸೂಜಿ ಆ ಹತ್ತಿಯನ್ನು ಹಿಂಜಿದಳು. ಎಂಟು ವರ್ಷ ಇಬ್ಬರ ಭಾರ ಹೊತ್ತ ಹತ್ತಿ ಮತ್ತೆ ಉಬ್ಬಿ, ಕೋಣೆ ತುಂಬ ಬೆಳ್ಳಗೆ ಎದ್ದು ನಿಂತಿತು. ಅಣ್ಣ ಅತ್ತಿಗೆ ಚಾಪೆಯ ಮೇಲೆ ಮಲಗಿದರು. ಬಲಗೈ ಚಾಚುವ ಜಾಗದಲ್ಲಿ ಸೂಜಿ ಒಂದು ಹಿಡಿ ಹತ್ತಿ ಹೆಚ್ಚು ಹಾಕಿದಳು.

ಶುಕ್ರವಾರ ಬೆಳಗಿನ ಪಾಳಿ ಮುಗಿಸಿ ಬಂದ ಅಣ್ಣ, ಯೂನಿಫಾರಮ್ಮಿನಲ್ಲೇ ಹಾಸಿಗೆಯನ್ನು ತಲೆಯ ಮೇಲೆ ಹೊತ್ತ. ಸೂಜಿ ಹಿಂದೆ ನಡೆದಳು. ಬೀದಿಯವರೆಲ್ಲ ನೋಡಿದರು, ಮುಖ ಹಾಸಿಗೆಯ ಕೆಳಗಿದ್ದುದರಿಂದ ಅಣ್ಣನಿಗೆ ಅಷ್ಟು ನಾಚಿಕೆಯಾಗಲಿಲ್ಲ.

ಲೈನ್‌ಮನ್ ಕುರ್ಚಿಯಿಂದ ಏಳಲಿಲ್ಲ.

"ತಪ್ಪಾಯ್ತು" ಎಂದ ಅಣ್ಣ, ಹಾಸಿಗೆ ಇಳಿಸಿ. "ಇದು ನಿಮ್ಮದು."

"ನನ್ನದಲ್ಲ ಅಂತ ಅವತ್ತೇ ಹೇಳಿದ್ದೀನಲ್ಲ."

"ಅದು ಬೇರೆಯವರದ್ದು. ಇದು ನಿಮ್ಮದೇ."

"ಮತ್ತೆ ಮಲಗಿ ಸಾಬೀತು ಮಾಡಬೇಕಾ?"

ಅಣ್ಣ ಬಗ್ಗಿ ಹಾಸಿಗೆಯ ಮೂಲೆ ಸರಿಮಾಡಿದ. ಮನೆಯ ಮಾನವೆಲ್ಲ ಆ ನೆಲದ ಮೇಲೆ ಬಿದ್ದಿದೆ, ಎತ್ತಿಕೊಳ್ಳುವವರಿಲ್ಲ ಎಂದು ಸೂಜಿಗೆ ಅನ್ನಿಸಿತು. ಲೈನ್‌ಮನ್ ಗಲ್ಲದಿಂದ ಹಾಸಿಗೆಯ ಕಡೆ ತೋರಿಸಿದ.

"ನೀನು ಮಲಗು. ಒಳಗೆ ಏನು ತುಂಬಿದ್ದೀರೋ ನೋಡೋಣ."

ಅಣ್ಣ ಕೆಂಪಗಾದ. ಸೂಜಿಯ ಮುಖ ನೋಡಿ, ಶೂ ಬಿಚ್ಚಿ, ಹಾಸಿಗೆಯ ಮೇಲೆ ನೆಟ್ಟಗೆ ಮಲಗಿ ಛಾವಣಿ ನೋಡಿದ. ಲೈನ್‌ಮನ್ನನ ಹೆಂಡತಿ ಸೂಜಿಗೆ ನೀರು ತಂದುಕೊಟ್ಟಳು. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಅಣ್ಣನ ಮುಚ್ಚಿದ ಮುಷ್ಟಿ ಬಿಚ್ಚಿಕೊಂಡಿತು, ತಲೆ ಒಂದು ಕಡೆ ವಾಲಿತು, ಒಂದು ಕಾಲು ಮಡಚಿತು. ಸ್ವಲ್ಪ ಹೊತ್ತಿಗೆ ಸಣ್ಣ ಗೊರಕೆ.

ಸೂಜಿ ಗಾಬರಿಯಿಂದ ಎಬ್ಬಿಸಲು ಬಗ್ಗಿದಳು. ಲೈನ್‌ಮನ್ ಕೈ ಅಡ್ಡ ಹಿಡಿದ.

"ನಿಮ್ಮಪ್ಪ ಹೋದ ಮೇಲೆ ಇವನು ಸರಿಯಾಗಿ ಮಲಗಿದ್ದಾನೇನಮ್ಮ?"

ಅವಳಿಗೆ ಗೊತ್ತಿರಲಿಲ್ಲ. ಆರು ವಾರ ಊರವರ ನಿದ್ದೆಯನ್ನೆಲ್ಲ ಹೊಲಿದವಳು ಒಂದು ಸಲವೂ ಅಣ್ಣನ ಕಡೆ ನೋಡಿರಲಿಲ್ಲ. ಅಪ್ಪನದ್ದೇ ಮೂಗು, ಅಪ್ಪನದ್ದೇ ಗೊರಕೆ. ಅವಳಿಗೆ ಅಳು ಉಕ್ಕಿ ಬಂತು, ಅಪ್ಪ ಹೋದ ದಿನವೂ ಬಾರದೆ ಇದ್ದ ಅಳು.

"ಮೆಲ್ಲಗೆ" ಎಂದ ಲೈನ್‌ಮನ್. "ಎಚ್ಚರ ಆಗುತ್ತೆ."

ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು, ಸಾವರಿಸಿಕೊಂಡು, ಗಡಿಯಾರ ನೋಡಿದಳು. "ನಾಲ್ಕು ಗಂಟೆಗೆ ಮತ್ತೆ ಡ್ಯೂಟಿ ಇದೆ ಅವನಿಗೆ. ಎಬ್ಬಿಸಬೇಕು" ಎಂದು ಪಿಸುಗುಟ್ಟಿದಳು.

"ಸುಮ್ಮನಿರು" ಎಂದ ಲೈನ್‌ಮನ್, ಕುರ್ಚಿಯನ್ನು ಸದ್ದಾಗದ ಹಾಗೆ ಹತ್ತಿರ ಎಳೆದುಕೊಂಡು. "ನನ್ನ ಹಾಸಿಗೆ. ಯಾವಾಗ ಎಬ್ಬಿಸಬೇಕು ಅಂತ ನಾನು ಹೇಳ್ತೀನಿ."